ಕಳ್ಳನಿಲ್ಲದ ಕಾವಲು

ನನ್ನ ಕಾರಿನೊಳಗೆ ಒಬ್ಬ ಕಾವಲುಗಾರ ಇದ್ದಾನೆ. ಇಟಲಿಯ ಕಡೆಯವನು. 2002ರಿಂದ ಒಂದು ದಿನವೂ ರಜೆ ಹಾಕದೆ ಸ್ಟಿಯರಿಂಗಿನ ಬುಡದಲ್ಲಿ ಕುಳಿತಿದ್ದಾನೆ. ಇಷ್ಟು ವರ್ಷಗಳಲ್ಲಿ ಅವನು ತಡೆದು ನಿಲ್ಲಿಸಿದ್ದು ಒಬ್ಬನನ್ನು ಮಾತ್ರ. ಆ ಒಬ್ಬ ನಾನು.

ಅವನಿಗೆ ಇಮ್ಮೊಬಿಲೈಸರ್ ಎಂದು ಹೆಸರು. ಕಳ್ಳ ಬಂದರೆ ಕಾರು ಚಾಲೂ ಆಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಆದರೆ ಕಳ್ಳನಿಗೂ ಒಂದು ಲೆಕ್ಕಾಚಾರ ಇರುತ್ತದಲ್ಲ. ಲೀಟರಿಗೆ ಒಂಬತ್ತು ಕಿಲೋಮೀಟರ್ ಓಡುವ, ಬಿಡಿಭಾಗಕ್ಕಾಗಿ ಮುಂಬಯಿಯ ಗುಜರಿಯವರಿಗೆ ಫೋನ್ ಮಾಡಬೇಕಾದ ಕಾರನ್ನು ಕದ್ದರೆ, ಅದಕ್ಕೆ ಪೆಟ್ರೋಲ್ ಹಾಕಿಸಲು ಅವನು ಇನ್ನೆರಡು ಕಡೆ ಕದಿಯಬೇಕಾದೀತು. ನಮ್ಮೂರು ಕಾಪುವಿನಲ್ಲಿ ಅಷ್ಟು ಶ್ರಮಜೀವಿಗಳಾದ ಕಳ್ಳರಿಲ್ಲ. ಹಾಗೆ ನೋಡಿದರೆ ನಮ್ಮ ಮನೆಯ ಬೀಗದ ಕೀ ಇಂದಿಗೂ ತುಳಸಿಕಟ್ಟೆಯ ಗೂಡಿನಲ್ಲೇ ಇರುತ್ತದೆ. ಅದು ಪಕ್ಕದ ಮನೆಯವರಿಗೆ ಗೊತ್ತು, ಹಾಲಿನವನಿಗೆ ಗೊತ್ತು, ಬಹುಶಃ ಬೆಕ್ಕಿಗೂ ಗೊತ್ತು.

ಕಾರು ನನ್ನ ಕೈಗೆ ಬಂದದ್ದು 2008ರಲ್ಲಿ, ಮಣಿಪಾಲದಿಂದ. ಎಂಜಿನಿಯರಿಂಗ್ ಮುಗಿಸಿದ ಹುಡುಗರು ಊರು ಬಿಡುವ ಹೊತ್ತಿಗೆ ಮಣಿಪಾಲದಲ್ಲಿ ಒಂದು ದೊಡ್ಡ ಸಂತೆಯೇ ನಡೆಯುತ್ತದೆ. ಮಂಚ, ಗಿಟಾರು, ಬೈಕು, ಒಮ್ಮೊಮ್ಮೆ ಕಾರು. ಉತ್ತರದ ಕಡೆಯ ಹುಡುಗನೊಬ್ಬ ಟೈಗರ್ ಸರ್ಕಲ್ ಹತ್ತಿರ ತನ್ನ ಕೆಂಪು ಪಾಲಿಯೋ ನಿಲ್ಲಿಸಿಕೊಂಡು ನಿಂತಿದ್ದ. ಫಿಯಟ್ ಪಾಲಿಯೋ 1.6 ಜಿಟಿಎಕ್ಸ್. 2001ರಲ್ಲಿ ಈ ಪಾಲಿಯೋ ನಮ್ಮ ದೇಶಕ್ಕೆ ಬಂದಾಗ ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್ ಇದ್ದರು. ನಾನು ಆಗಲೇ ಮನಸ್ಸಿನಲ್ಲಿ ಒಂದು ಕೊಂಡಿದ್ದೆ. ಹೈಸ್ಕೂಲಿನ ಗಣಿತದ ಮಾಸ್ತರನಿಗೆ ಮನಸ್ಸಿನಿಂದ ಅಂಗಳಕ್ಕೆ ತರುವುದಕ್ಕೆ ಏಳು ವರ್ಷ ಹಿಡಿಯಿತು.

ಇದು ಸ್ಪೋರ್ಟ್ಸ್ ಕಾರು ಹೌದೋ ಅಲ್ಲವೋ ಎಂಬುದರ ಬಗ್ಗೆ ನನಗೂ ಕಾರ್ಕಳದ ಭಾವನಿಗೂ ಅಂದಿನಿಂದ ಚರ್ಚೆ. ಭಾವ ಎಂದರೆ ಹೆಂಡತಿಯ ಅಣ್ಣ. ಅವರ ಪ್ರಕಾರ ಸ್ಪೋರ್ಟ್ಸ್ ಕಾರು ಎಂದರೆ ಎರಡೇ ಸೀಟು, ಮೇಲೆ ಮಾಡು ಇರಬಾರದು. ಆ ಲೆಕ್ಕದಲ್ಲಿ ನಮ್ಮಲ್ಲಿ ಪಾಸಾಗುವುದು ತೊಂಬತ್ತರ ದಶಕದ ಕೊನೆಗೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್‌ನಂಥ ಒಂದೆರಡು ಮಾತ್ರ. ನಮ್ಮ ಕರಾವಳಿಯ ಮಳೆಗೆ ಮಾಡಿಲ್ಲದ ಕಾರು ತಂದರೆ ಅದು ದೋಣಿಯಾಗುತ್ತದೆ ಎಂದು ನಾನು. ನನ್ನದಕ್ಕೆ ಮಾಡು ಇದೆ, ಹಿಂದೆ ಒಂದು ಅಕ್ಕಿಮುಡಿ ಹಿಡಿಸುವ ಡಿಕ್ಕಿಯೂ ಇದೆ. ಆದರೆ ಬಾನೆಟ್ ಎತ್ತಿ ನೋಡಿ: 16 ವಾಲ್ವ್, 1596 ಸಿಸಿ, ನೂರು ಕುದುರೆಯ ಶಕ್ತಿ. ಎರಡು ಮಾರುತಿ 800ರ ಎಂಜಿನ್ ಕೂಡಿಸಿದರೂ 1592 ಸಿಸಿ. ನಾಲ್ಕು ಕಡಿಮೆಯೇ. ಲೆಕ್ಕದ ಮಾಸ್ತರನ ಹತ್ತಿರ ಭಾವ ಇನ್ನೇನು ಹೇಳಿಯಾರು?

ಹೆಸರನ್ನು ನೋಡಿದರೂ ಅದು ಓಟದ್ದೇ. ಪಾಲಿಯೋ ಎಂದರೆ ಇಟಲಿಯ ಸಿಯೆನಾ ಪಟ್ಟಣದಲ್ಲಿ ವರ್ಷಕ್ಕೆ ಎರಡು ಸಲ, ಜುಲೈ 2 ಮತ್ತು ಆಗಸ್ಟ್ 16ಕ್ಕೆ, ನಡೆಯುವ ಕುದುರೆ ಓಟ. ಜೀನು ಇಲ್ಲದ ಕುದುರೆಯ ಮೇಲೆ ಕುಳಿತು ಊರ ಚೌಕಕ್ಕೆ ಮೂರು ಸುತ್ತು. ಕೇರಿ ಕೇರಿಗಳ ನಡುವೆ ಮರ್ಯಾದೆಯ ಪ್ರಶ್ನೆ. ಕಟಪಾಡಿಯ ಕರೆಯಲ್ಲೋ ಮಿಯ್ಯಾರಿನ ಕರೆಯಲ್ಲೋ ಕಂಬಳ ನೋಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಸವಾರ ನಡುವೆ ಬಿದ್ದುಹೋದರೂ ಕುದುರೆ ಒಂಟಿಯಾಗಿ ಗುರಿ ಮುಟ್ಟಿದರೆ ಗೆಲುವು ಕುದುರೆಗೇ. ನನ್ನ ಪಾಲಿಯೋದ ಕತೆ ಇದಕ್ಕೆ ತಿರುವುಮುರುವು. ಸವಾರ ಮೇಲೆ ಸರಿಯಾಗಿಯೇ ಕುಳಿತಿರುತ್ತಾನೆ, ಕುದುರೆ ಕದಲುವುದಿಲ್ಲ.

ಆ ಹುಡುಗ ನನಗೆ ಕೊಟ್ಟದ್ದು ಒಂದೇ ಕೀ. ಇನ್ನೊಂದು ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಯಾವುದೋ ಸಂಜೆ ಕಳೆದುಹೋಯಿತಂತೆ. ಜೊತೆಗೆ ಒಂದು ಲಕೋಟೆ. ಅದರಲ್ಲಿ ಆರ್‌ಸಿ, ವಿಮೆಯ ಕಾಗದ, ಮತ್ತೇನೇನೋ. ಕಾಗದಪತ್ರಗಳ ಇಲಾಖೆ ನಮ್ಮಲ್ಲಿ ಹೆಂಡತಿಯದ್ದು. ಲಕೋಟೆ ಅವಳ ಕೈಗೆ ಹೋಯಿತು, ನಾನು ಕೀ ಇಟ್ಟುಕೊಂಡೆ. ಉಡುಪಿಯ ರಥಬೀದಿಯಿಂದ ಅವಳು ತಂದಿದ್ದ, ಕಡಗೋಲು ಹಿಡಿದ ಹಿತ್ತಾಳೆಯ ಕೃಷ್ಣನನ್ನು ಅದಕ್ಕೆ ಸಿಕ್ಕಿಸಿದ್ದಾಯಿತು. ರಥಬೀದಿಗೆ ಇಂಗ್ಲಿಷಿನಲ್ಲಿ ಕಾರ್ ಸ್ಟ್ರೀಟ್ ಎಂದು ಹೆಸರು. ಕಾರಿನ ಕೀಗೆ ಕಾರ್ ಸ್ಟ್ರೀಟಿನ ದೇವರು ಎಂದು ಕ್ಲಾಸಿನಲ್ಲಿ ಹೇಳಿದಾಗ ಮಕ್ಕಳು ನಗಲಿಲ್ಲ.

ಹತ್ತು ವರ್ಷ ಕಾರು ಚಿನ್ನದಂತೆ ಓಡಿತು. ನನ್ನ ನಿವೃತ್ತಿಯೂ ಆಯಿತು. 2018ರ ಮಳೆಗಾಲದಲ್ಲಿ ಕಾವಲುಗಾರನಿಗೆ ನನ್ನ ಮೇಲೆ ಸಂಶಯ ಶುರುವಾಯಿತು.

ಮೊದಲ ಸಲ ಉಡುಪಿಯಲ್ಲಿ. ಪಿಂಚಣಿಯ ಕೆಲಸ ಮುಗಿಸಿ, ಧೋ ಎಂದು ಸುರಿಯುವ ಮಳೆಯಲ್ಲಿ ತಲೆಗೆ ಬೈರಾಸು ಹೊದ್ದು ಓಡಿಬಂದು ಕಾರಿನೊಳಗೆ ಸೇರಿಕೊಂಡೆ. ಕೀ ತಿರುಗಿಸಿದೆ. ಸ್ಟಾರ್ಟರ್ ಗರಗರ ತಿರುಗಿತು. ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ, ಮತ್ತೆ ಗರಗರ. ಡಯಲಿನಲ್ಲಿ ಒಂದು ಸಣ್ಣ ಹಳದಿ ದೀಪ, 'ಕೋಡ್' ಎಂದು ಬರೆದದ್ದು, ಆರದೆ ಉರಿಯುತ್ತಿತ್ತು. ಕೀ ತಿರುಗಿಸಿದಾಗಲೆಲ್ಲ ಅದು ಒಂದು ಕ್ಷಣ ಹತ್ತಿ ಆರುವುದನ್ನು ಹತ್ತು ವರ್ಷ ನೋಡಿದ್ದೆ, ಅರ್ಥ ಕೇಳಿರಲಿಲ್ಲ.

ಕಾರಿನ ಬಾನೆಟ್ ಎತ್ತಿದರೆ ಸಾಕು, ನಮ್ಮೂರಿನಲ್ಲಿ ವೈದ್ಯರಿಗೆ ಬರವಿಲ್ಲ. ರಿಕ್ಷಾದವರೊಬ್ಬರು ಪೆಟ್ರೋಲಿಗೆ ನೀರು ಸೇರಿದೆ ಎಂದರು. ಹಣ್ಣಿನ ಅಂಗಡಿಯವರು ಪ್ಲಗ್ ಎಂದರು. ಇನ್ನೊಬ್ಬರು ಏನೂ ಹೇಳದೆ ಬ್ಯಾಟರಿಗೆ ಎರಡು ಗುದ್ದು ಕೊಟ್ಟು ಹೋದರು. "ಕೆಂಪು ಕಾರಲ್ವಾ, ದೃಷ್ಟಿ ಆಗ್ತದೆ ಮಾರಾಯ್ರೆ" ಎಂದ ಹಿರಿಯರೂ ಇದ್ದರು. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ, ಏನೂ ನಡೆದೇ ಇಲ್ಲವೆಂಬಂತೆ ಎಂಜಿನ್ ಹಿಡಿಯಿತು. ನಾಲ್ವರೂ ತಮ್ಮ ತಮ್ಮ ಮದ್ದೇ ನಾಟಿತು ಎಂದುಕೊಂಡು ಹೊರಟುಹೋದರು.

ಆಮೇಲೆ ಇದು ಅಭ್ಯಾಸವಾಯಿತು. ವಾರಕ್ಕೊಮ್ಮೆ, ಒಮ್ಮೊಮ್ಮೆ ಎರಡು ಸಲ. ಕೆಟ್ಟು ಕೂತ ಯಂತ್ರ ಒಳ್ಳೆಯದು, ಅದಕ್ಕೊಂದು ಪ್ರಾಮಾಣಿಕತೆ ಇದೆ. ಆಗಾಗ ಕೆಡುವ ಯಂತ್ರ ಹಾಗಲ್ಲ. ಮೆಕ್ಯಾನಿಕ್ಕಿನ ಮುಂದೆ ಅದು ಇನ್ಸ್‌ಪೆಕ್ಟರ್ ಬಂದ ದಿನದ ವಿದ್ಯಾರ್ಥಿಯಂತೆ ಕೈಕಟ್ಟಿ ನಿಲ್ಲುತ್ತದೆ. ಕಟಪಾಡಿಯ ಹತ್ತಿರ ಗ್ಯಾರೇಜ್ ಇಟ್ಟುಕೊಂಡವನು ನನ್ನ ಹಳೆಯ ಶಿಷ್ಯ. ಹತ್ತನೆಯ ತರಗತಿಯಲ್ಲಿ ಲೆಕ್ಕಕ್ಕೆ ಮೂವತ್ತೈದು ಅಂಕ ತೆಗೆದಿದ್ದ. ಅದರಲ್ಲಿ ಎರಡು ನಾನು ಕೊಟ್ಟದ್ದು. ಅವನ ಹತ್ತಿರ ಕಾರು ಒಯ್ದರೆ ಹತ್ತಕ್ಕೆ ಹತ್ತು ಸಲವೂ ಒಂದೇ ಕೀಗೆ ಚಾಲೂ.

"ಮಾಷ್ಟ್ರೆ, ಸ್ಟಾರ್ಟರ್ ತಿರುಗ್ತದಾ?"

"ತಿರುಗ್ತದೆ."

"ಕೋಡ್ ಲೈಟ್ ಉರೀತದಾ?"

"ಉರೀತದೆ."

"ಹಾಗಾದ್ರೆ ಎಂಜಿನ್ನಿಂದು ಎಂತದ್ದೂ ಇಲ್ಲ. ಅದಕ್ಕೆ ನಿಮ್ಮ ಪರಿಚಯ ಸಿಗುದಿಲ್ಲ, ಅಷ್ಟೇ."

ಅಂದು ಅವನು ಬೆಂಚಿನ ಮೇಲೆ ಕೂರಿಸಿ ನನಗೆ ಪಾಠ ಮಾಡಿದ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಕುಸುಬಲಕ್ಕಿಯ ಕಾಳಿನಷ್ಟು ದೊಡ್ಡ ಒಂದು ಚಿಪ್ ಇದೆ. ಅದಕ್ಕೆ ಬ್ಯಾಟರಿ ಇಲ್ಲ. ಕೀ ಹಾಕುವ ತೂತಿನ ಸುತ್ತ, ಸ್ಟಿಯರಿಂಗಿನ ಕವಚದೊಳಗೆ, ತಾಮ್ರದ ತಂತಿಯ ಸುರುಳಿಯೊಂದು ಇರುತ್ತದೆ. ಕೀ ತಿರುಗಿಸಿದ ಕೂಡಲೇ ಆ ಸುರುಳಿ 125 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಮಂಗಳೂರು ಆಕಾಶವಾಣಿಯದ್ದು 1089 ಕಿಲೋಹರ್ಟ್ಸ್, ಇದು ಅದಕ್ಕಿಂತ ಬಹಳ ಕೆಳಗಿನ ಸ್ವರ, ಕೇಳಿಸುವುದು ಒಂದೆರಡು ಅಂಗುಲದವರೆಗೆ ಮಾತ್ರ. ಆ ಮಿಡಿತದಿಂದಲೇ ಚಿಪ್ಪಿಗೆ ಬೇಕಾದಷ್ಟು ಶಕ್ತಿ ಸಿಕ್ಕಿ ಅದು ಎಚ್ಚರಗೊಂಡು ತನ್ನ ಗುರುತು ಹೇಳುತ್ತದೆ. ಗುರುತು ಸರಿಯಾದರೆ ಎಂಜಿನ್ನಿನ ಕಂಪ್ಯೂಟರಿಗೆ ಅಪ್ಪಣೆ ಹೋಗುತ್ತದೆ. ಇಲ್ಲವಾದರೆ ಸ್ಟಾರ್ಟರ್ ಎಷ್ಟು ಬೇಕಾದರೂ ತಿರುಗಲಿ, ಪೆಟ್ರೋಲೂ ಕಿಡಿಯೂ ಬಂದ್. ಇಷ್ಟೆಲ್ಲ ನಡೆಯುವುದು ಕಣ್ಣುರೆಪ್ಪೆ ಬಡಿಯುವುದರೊಳಗೆ.

ನನಗೆ ನನ್ನ ಅಜ್ಜಿ ನೆನಪಾದಳು. ಕರೆಂಟಿಲ್ಲದ ಕಾಲ. ರಾತ್ರಿ ಯಕ್ಷಗಾನದ ಆಟ ನೋಡಿ ಹಿಂತಿರುಗಿ ತಡಮೆ ದಾಟಿದರೆ ಜಗಲಿಯ ಕತ್ತಲೆಯಿಂದ ಒಂದು ಪ್ರಶ್ನೆ ಬರುತ್ತಿತ್ತು: "ಏರ್?" ತುಳುವಿನಲ್ಲಿ ಹಾಗೆಂದರೆ ಯಾರು. ಅದಕ್ಕೆ ನಾವು ಕೊಡುವ ಉತ್ತರ, "ಯಾನ್." ನಾನು. ತರ್ಕಶಾಸ್ತ್ರದ ಪ್ರಕಾರ ಇದಕ್ಕಿಂತ ಶುದ್ಧ ಅಸಂಬದ್ಧ ಉತ್ತರ ಇನ್ನೊಂದಿಲ್ಲ. ಜಗತ್ತಿನಲ್ಲಿ ಯಾರು ಬಂದರೂ 'ನಾನು'ವೇ. ಅಜ್ಜಿಗೆ ಬೇಕಿದ್ದದ್ದು ಮಾತಲ್ಲ, ದನಿ. ದನಿ ಸರಿಯಾದರೆ ಒಳಗಿನಿಂದ ಅಗುಳಿ ತೆಗೆಯುವ ಸದ್ದು. ಒಮ್ಮೆ ನನಗೆ ಶೀತವಾಗಿ ಗಂಟಲು ಕಟ್ಟಿದ್ದಾಗ ಅವಳು ಬಾಗಿಲು ತೆಗೆಯದೆ ನಾಯಿಯನ್ನು ಕರೆದಿದ್ದಳು. ಈಗ ಕಾರು ಮಾಡುತ್ತಿದ್ದದ್ದೂ ಅದನ್ನೇ. ಪ್ರಶ್ನೆ ಕೇಳುತ್ತಿದೆ, ಕೀ ಉತ್ತರ ಹೇಳುತ್ತಿದೆ, ನಡುವೆ ಎಲ್ಲೋ ಗಂಟಲು ಕಟ್ಟಿದೆ.

ಬೀಗ ಎಂದರೆ ಲೋಹಕ್ಕೂ ಲೋಹಕ್ಕೂ ಇರುವ ಸಂಬಂಧ ಎಂದು ತಿಳಿದು ಬೆಳೆದವರು ನಾವು. ಹಲ್ಲು ಹೊಂದಿದರೆ ಮುಗಿಯಿತು. ಕೀ ಯಾರ ಕೈಯಲ್ಲಿದೆ ಎಂದು ಬೀಗ ವಿಚಾರಿಸುವುದಿಲ್ಲ. ಉಡುಪಿಯ ರಥ ನಿಲ್ಲಿಸುವುದಕ್ಕೂ ಚಕ್ರದ ಅಡಿಗೆ ಮರದ ತುಂಡು ಕೊಡುತ್ತಾರೆ. ಅದೂ ಒಂದು ಇಮ್ಮೊಬಿಲೈಸರೇ, ಆದರೆ ಕಣ್ಣಿಗೆ ಕಾಣುತ್ತದೆ, ಬೇಕಾದಾಗ ಎಳೆಯಬಹುದು. ಯುರೋಪಿನಲ್ಲಿ ತೊಂಬತ್ತರ ದಶಕದಲ್ಲಿ ಕಾರುಗಳ್ಳತನ ಹೆಚ್ಚಾಗಿ, ಬರೀ ಹಲ್ಲಿನ ಕೀಯನ್ನು ನಂಬಿ ಉಪಯೋಗವಿಲ್ಲ ಎಂದು ಗೊತ್ತಾಗಿ, 1998ರ ಅಕ್ಟೋಬರಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಇಮ್ಮೊಬಿಲೈಸರನ್ನು ಕಡ್ಡಾಯ ಮಾಡಿದರು. ಅಮೆರಿಕದಲ್ಲಿ ಅಂಥ ಕಾನೂನು ಬರಲಿಲ್ಲ. ಅದರ ಫಲವಾಗಿ ಮೊನ್ನೆಮೊನ್ನೆ, 2021-22ರ ಸುಮಾರಿಗೆ, ಈ ಕಾವಲಿಲ್ಲದ ಕೆಲವು ಕಾರುಗಳನ್ನು ಅಲ್ಲಿನ ಪಡ್ಡೆ ಹುಡುಗರು ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲ್ಲಿನ ತುದಿಯಿಂದ ತಿರುಗಿಸಿ ಒಯ್ದದ್ದು ದೊಡ್ಡ ಸುದ್ದಿಯಾಯಿತು.

ಕಾವಲೂ ಅಭೇದ್ಯವೇನಲ್ಲ. ಹಲವು ಕಂಪನಿಗಳ ಕಾರುಗಳಲ್ಲಿದ್ದ ಮೆಗಾಮೋಸ್ ಎಂಬ ಚಿಪ್ಪಿನ 96 ಬಿಟ್ಟುಗಳ ಗುಟ್ಟನ್ನು ಬರ್ಮಿಂಗ್‌ಹ್ಯಾಮ್ ಮತ್ತು ನೈಮೇಗನ್ ವಿಶ್ವವಿದ್ಯಾಲಯಗಳ ಮೂವರು ಸಂಶೋಧಕರು ಒಡೆದರು. 2013ರಲ್ಲಿ ಅದನ್ನು ಪ್ರಕಟಿಸಲು ಹೊರಟಾಗ ಫೋಕ್ಸ್‌ವ್ಯಾಗನ್ ಇಂಗ್ಲೆಂಡಿನ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಎರಡು ವರ್ಷ ಕಳೆದು, 2015ರಲ್ಲಿ ಪ್ರಬಂಧ ಹೊರಬಂತು, ಒಂದೇ ಒಂದು ವಾಕ್ಯ ತೆಗೆದುಹಾಕಿ. ಆ ಒಂದು ವಾಕ್ಯ ಏನಿದ್ದೀತು ಎಂದು ನಾನು ಅನೇಕ ಮಧ್ಯಾಹ್ನ ಯೋಚಿಸಿದ್ದೇನೆ. ಒಂದು ವಾಕ್ಯ ತೆಗೆದರೆ ಉಳಿದದ್ದು ನಿರಪಾಯ ಎನ್ನಿಸುವಂಥ ಬರಹ ಬರೆಯುವುದು ಸಾಮಾನ್ಯದ ಮಾತಲ್ಲ. ನಮ್ಮ ಪ್ರಬಂಧಗಳಲ್ಲಿ ಯಾವ ವಾಕ್ಯ ತೆಗೆದರೂ ಯಾರಿಗೂ ಏನೂ ಆಗುವುದಿಲ್ಲ.

ಇರಲಿ. ಶಿಷ್ಯ ಮೊದಲು ಬ್ಯಾಟರಿ ನೋಡಿದ. ಸುಮ್ಮನಿದ್ದಾಗ 12.6 ವೋಲ್ಟ್, ಸ್ಟಾರ್ಟರ್ ತಿರುಗುವಾಗಲೂ ಹತ್ತಕ್ಕಿಂತ ಮೇಲೆ. ವೋಲ್ಟೇಜ್ ತೀರ ಕುಸಿದರೆ ಕಾವಲುಗಾರನಿಗೆ ಪ್ರಜ್ಞೆ ತಪ್ಪುತ್ತದಂತೆ. ಇಲ್ಲಿ ಹಾಗಿರಲಿಲ್ಲ. ಆಮೇಲೆ ಕೀಯ ಪ್ಲಾಸ್ಟಿಕ್ ಬಿಡಿಸಿ ಚಿಪ್ ತನ್ನ ಜಾಗದಲ್ಲಿ ಭದ್ರವಾಗಿ ಕೂತಿದೆಯೇ ಎಂದು ನೋಡಿದ. ಹೊರಗಿನ ಕವಚ ಸವೆಯಿತೆಂದು ಹೊಸದು ಹಾಕಿಸುವವರು ಒಳಗಿನ ಚಿಪ್ಪನ್ನು ಹಳೆಯದರಲ್ಲೇ ಬಿಟ್ಟು ಎಸೆಯುವುದುಂಟಂತೆ. ಅದೂ ಸರಿಯಿತ್ತು. ಕೊನೆಗೆ ಅವನ ಕಣ್ಣು ಕೀಗೊಂಚಲಿನಲ್ಲಿ ನೇತಾಡುತ್ತಿದ್ದ ಕೃಷ್ಣನ ಮೇಲೆ ಬಿತ್ತು.

"ಮಾಷ್ಟ್ರೆ, ಇವರು ಹಿತ್ತಾಳೆಯವ್ರಾ?"

"ಹೌದು."

"ಸುರುಳಿಯ ಹತ್ತಿರ ಇಷ್ಟು ದೊಡ್ಡ ಲೋಹ ಇದ್ರೆ ಸಿಗ್ನಲ್ ಹಾಳಾಗ್ತದೆ. ಒಂದು ವಾರ ದೇವರನ್ನು ತೆಗೆದು ನೋಡುವ."

ಮನೆಯಲ್ಲಿ ಇದನ್ನು ಹೇಗೆ ಹೇಳುವುದೆಂದು ಕಟಪಾಡಿಯಿಂದ ಕಾಪುವಿನವರೆಗೆ ಯೋಚಿಸುತ್ತ ಬಂದೆ. ಹೆಂಡತಿ ಮರುಮಾತಾಡದೆ ಕೃಷ್ಣನನ್ನು ಬಿಡಿಸಿ ದೇವರ ಗೂಡಿನಲ್ಲಿ ಇಟ್ಟಳು. ಅವಳ ಮೌನದಲ್ಲಿ ಒಂದು ಅಡ್ಡಗೆರೆ ಇತ್ತು, ಉತ್ತರಪತ್ರಿಕೆಯಲ್ಲಿ ನಾನು ಎಳೆಯುತ್ತಿದ್ದಂಥದು.

ಒಂದು ವಾರ ಕಾರು ಒಮ್ಮೆಯೂ ತಕರಾರು ಮಾಡಲಿಲ್ಲ. ಆಟಿ ತಿಂಗಳ ನಡುವೆ ಮಳೆ ಹೊಳವಾಗಿ ಎಂಟು-ಹತ್ತು ದಿನ ಬಿಸಿಲು ಬಿದ್ದಿತ್ತು. ನಾನು ಉಡುಪಿಗೆ ಹೋದೆ, ಮಣಿಪಾಲಕ್ಕೆ ಹೋದೆ, ಕೆಲಸವಿಲ್ಲದಿದ್ದರೂ ಪಡುಬಿದ್ರಿಗೆ ಹೋಗಿ ಬಂದೆ. ವಿಜ್ಞಾನಕ್ಕೆ ಜಯವಾಯಿತೆಂದು ಮನೆಯಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಮುಖದಲ್ಲಿ ತೋರಿಸಿರಬೇಕು.

ಆ ಭಾನುವಾರ ಕಾರ್ಕಳದಲ್ಲಿ ಭಾವನ ಮನೆಯಲ್ಲಿ ಪೂಜೆ. ಮನೆ ಆನೆಕೆರೆಯಿಂದ ಸ್ವಲ್ಪ ಆಚೆಗೆ. ಬೆಳ್ಮಣ್ಣು ದಾಟುವಷ್ಟರಲ್ಲಿ ಹೊಳವು ಮುಗಿದು ಮಳೆ ಹನಿಯತೊಡಗಿತ್ತು. ಭಾವನ ಮನೆ ಮುಟ್ಟುವಾಗ ಗೊಮ್ಮಟನ ಬೆಟ್ಟ ಕಾಣದಷ್ಟು ಜೋರಾಗಿತ್ತು. 1432ರಿಂದ ಆ ನಲವತ್ತೆರಡು ಅಡಿಯ ಪುಣ್ಯಾತ್ಮ ಕೊಡೆ ಇಲ್ಲದೆ ನಿಂತಿದ್ದಾನೆ. ನಾನು ಬೈರಾಸು ಹೊದ್ದು ಕಾರಿಗೂ ಮನೆಗೂ ನಾಲ್ಕು ಸಲ ಓಡಾಡಿ ಹಣ್ಣು, ತೆಂಗಿನಕಾಯಿ, ಹೆಂಡತಿಯ ಸೀರೆಯ ಚೀಲ ಒಳಗೆ ಸೇರಿಸಿದೆ. ರಾತ್ರಿ ಊಟವಾಗಿ ಒಂಬತ್ತಕ್ಕೆ ಹೊರಟು ಕೀ ತಿರುಗಿಸಿದರೆ, ಗರಗರ. ಹಳದಿ ದೀಪ.

ಹೆಂಡತಿ ಪಕ್ಕದ ಸೀಟಿನಲ್ಲಿ ಕುಳಿತು ಮುಂದಿನ ಗಾಜನ್ನೇ ನೋಡುತ್ತ ಹೇಳಿದಳು: "ಈಗ ಯಾರನ್ನು ತೆಗೀತೀರಿ?"

ಭಾವ ಕೊಡೆ ಹಿಡಿದುಕೊಂಡು ಕಿಟಕಿಗೆ ಬಗ್ಗಿದರು. ಅವರ ಕಣ್ಣು ಕೀ ಹಾಕುವ ಜಾಗದ ಮೇಲೆ ಬಿತ್ತು. ಅಲ್ಲಿ ಇಟಲಿಯ ಭಾಷೆಯಲ್ಲಿ ಕೀ ಎಲ್ಲೆಲ್ಲಿ ನಿಲ್ಲಬೇಕೆಂದು ಬರೆದಿದೆ. 'ಸ್ಟಾಪ್' ಎಂದರೆ ನಿಲ್ಲು. 'ಮಾರ್ಚಾ' ಎಂಬುದರ ಮೊದಲ ಮೂರು ಅಕ್ಷರ 'ಮಾರ್' ಎಂದರೆ ಚಾಲನೆ. ಮತ್ತೊಂದು, ಎಂಜಿನ್ ಎಬ್ಬಿಸುವ ಜಾಗ. ಕೀ ಆಗ ನಡುವಿನದರಲ್ಲಿ ನಿಂತಿತ್ತು.

"ಕಾರೇ ಹೇಳ್ತಾ ಉಂಟಲ್ಲ ಭಾವ, ಮಾರು ಅಂತ. ನೀವು ಕೇಳ್ಬೇಕಷ್ಟೆ."

ಹತ್ತು ವರ್ಷದಿಂದ ಅವರು ಈ ಹಾಸ್ಯಕ್ಕಾಗಿ ಕಾಯುತ್ತಿದ್ದಂತೆ ಇತ್ತು.

ಶಿಷ್ಯನಿಗೆ ಫೋನ್ ಮಾಡಿದೆ. ಅವನು ಒಂದು ಕ್ಷಣ ಸುಮ್ಮನಿದ್ದು ಕೇಳಿದ: "ಮಾಷ್ಟ್ರೆ, ಕಾರಿನ ಜೊತೆ ಒಂದು ಕಾರ್ಡ್ ಬರ್ತದೆ. ಎಟಿಎಂ ಕಾರ್ಡಿನ ಹಾಗೆ. ಅದ್ರಲ್ಲಿ ಐದು ಅಂಕೆಯ ನಂಬರ್ ಇರ್ತದೆ. ಉಂಟಾ ನಿಮ್ಮ ಹತ್ರ?"

ನಾನು ಅಂಥದ್ದನ್ನು ನೋಡಿದ್ದೇ ಇಲ್ಲ ಎಂದೆ. ಪಕ್ಕದಿಂದ ಶಾಂತವಾದ ದನಿ ಬಂತು. "ಅದಾ? ಎಲ್‌ಐಸಿ ಫೈಲಿನಲ್ಲಿ ಉಂಟು."

ಹತ್ತು ವರ್ಷ! ಲಕೋಟೆಯಲ್ಲಿದ್ದ ಕಾರ್ಡನ್ನು ಯಾವುದೋ ಬ್ಯಾಂಕಿನದ್ದು ಎಂದುಕೊಂಡು ಅವಳು ಪಾಲಿಸಿಗಳ ನಡುವೆ ಇಟ್ಟಿದ್ದಳು. ಕಾಪುವಿಗೆ ಫೋನ್ ಹೋಯಿತು. ಪಕ್ಕದ ಮನೆಯ ಹುಡುಗಿ ತುಳಸಿಕಟ್ಟೆಯಿಂದ ಕೀ ತೆಗೆದು, ನಮ್ಮ ಮನೆಯ ಬಾಗಿಲು ತೆರೆದು, ಕಪಾಟಿನ ಎರಡನೆಯ ಖಾನೆಯಿಂದ ಫೈಲು ಎಳೆದು, ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಹಿಡಿದದ್ದು ಒಟ್ಟು ಆರು ನಿಮಿಷ. ಮೂವತ್ತು ಕಿಲೋಮೀಟರ್ ದೂರದಲ್ಲಿ ನನ್ನ ಮನೆ ಒಂದು ಫೋನಿಗೆ ತೆರೆದುಕೊಂಡಿತು. ಕಾರು ಮಾತ್ರ ಕೀ ಕೈಯಲ್ಲಿ ಹಿಡಿದು ಕೂತವನನ್ನು ನಂಬುತ್ತಿರಲಿಲ್ಲ.

ಕಾವಲುಗಾರನಿಗೆ ಕೀಯ ದನಿ ಕೇಳಿಸದಿದ್ದರೆ ಕೈಸನ್ನೆಯಿಂದ ಗುರುತು ಹೇಳುವ ಒಂದು ದಾರಿಯನ್ನು ಇದನ್ನು ರೂಪಿಸಿದವರು ಇಟ್ಟಿದ್ದಾರೆ. ಕೈಯಲ್ಲ, ಕಾಲ್ಸನ್ನೆ. ಕೀಯನ್ನು 'ಮಾರ್'ನಲ್ಲಿ ಇಟ್ಟು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಬೇಕು. ಎಂಜಿನ್ ದೀಪ ಎಂಟು ಸೆಕೆಂಡು ಉರಿದು ಆರುತ್ತದೆ. ಕಾಲು ಬಿಟ್ಟ ಕೂಡಲೇ ಅದು ಮಿನುಗತೊಡಗುತ್ತದೆ. ನಂಬರಿನ ಮೊದಲ ಅಂಕೆ ಎಷ್ಟೋ ಅಷ್ಟು ಮಿನುಗು ಎಣಿಸಿ ಮತ್ತೆ ಒತ್ತಬೇಕು. ದೀಪ ನಾಲ್ಕು ಸೆಕೆಂಡು ಉರಿದು ಆರುತ್ತದೆ. ಬಿಡಬೇಕು. ಮತ್ತೆ ಮಿನುಗು, ಎರಡನೆಯ ಅಂಕೆ. ಹೀಗೆ ಐದು. ಎಲ್ಲವೂ ಸರಿಯಾದರೆ ಕೊನೆಗೆ ದೀಪ ಬಡಬಡನೆ ಮಿನುಗಿ ಒಪ್ಪಿಗೆ ಕೊಡುತ್ತದೆ. ಒಂದು ಎಣಿಕೆ ತಪ್ಪಿದರೆ ಮೊದಲಿನಿಂದ.

ಕಾಪುವಿನಲ್ಲಿ ಹುಟ್ಟಿದವನಿಗೆ ಮಿನುಗು ಎಣಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ಹಮ್ಮು ನನಗೆ. 1901ರ ನಮ್ಮ ದೀಪಸ್ತಂಭದ ಬೆಳಕು ಮಲಗುವ ಕೋಣೆಯ ಗೋಡೆಯ ಮೇಲೆ ಹಾದುಹೋಗುತ್ತಿದ್ದದ್ದನ್ನು ಎಣಿಸುತ್ತಲೇ ನಿದ್ದೆಹೋದವನು ನಾನು. ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿನುಗಿನ ಲಯ ಇರುತ್ತದೆ, ಕಡಲಲ್ಲಿರುವವರು ಅದನ್ನು ಎಣಿಸಿ ಇದು ಇಂಥ ಊರು ಎಂದು ತಿಳಿಯುತ್ತಾರೆ ಎಂದು ಮಾವ ಹೇಳಿಕೊಟ್ಟಿದ್ದರು. ಮೇಲಾಗಿ ಮೂವತ್ತಮೂರು ವರ್ಷ ಗಣಿತ ಕಲಿಸಿದ ಅನುಭವ. ಎಣಿಕೆ ನನಗೆ ಬಿಡಿ ಎಂದೆ.

ಮೊದಲ ಸಲ ಮೂರನೆಯ ಅಂಕೆಯಲ್ಲಿ ತಪ್ಪಿದೆ. ಎಂಟು ಎಣಿಸಿ ಒತ್ತಬೇಕಿತ್ತು, ಎಂಟು ಎಂದು ಬಾಯಿ ಹೇಳಿದರೂ ಕಾಲು ಹೋದದ್ದು ಒಂಬತ್ತಕ್ಕೆ. ಎರಡನೆಯ ಸಲ ಭಾವ ಕಿಟಕಿಯ ಹೊರಗಿನಿಂದ ಒಂದು, ಎರಡು, ಮೂರು ಎಂದು ಕೂಗಿ ಎಣಿಸತೊಡಗಿದರು. ಅವರ ಎಣಿಕೆ ದೀಪಕ್ಕಿಂತ ಮುಂದೆ, ನನ್ನದು ಹಿಂದೆ. ಭಾವನ ಮಗ ಫೋನಿನಲ್ಲಿ ನಂಬರ್ ಓದುತ್ತಿದ್ದ. ಅದು ಯಾವ ಅಂಕೆಯೋ ಯಾವ ಎಣಿಕೆಯೋ ಎಲ್ಲ ಕಲಸಿಹೋಯಿತು. ಪೂಜೆಗೆ ಬಂದಿದ್ದ ನೆಂಟರಲ್ಲಿ ಉಳಿದವರೆಲ್ಲ ಜಗಲಿಗೆ ಬಂದು ಕುರ್ಚಿ ಹಾಕಿಕೊಂಡು ಕೂತಾಗಿತ್ತು. ಒಬ್ಬರು ಒಳಗಿನಿಂದ ಉಳಿದ ಪಂಚಕಜ್ಜಾಯ ತರಿಸಿಕೊಂಡರು.

ಮೂರನೆಯ ಸಲ ಹೆಂಡತಿ ಎಲ್ಲರನ್ನೂ ಸುಮ್ಮನಿರಿಸಿದಳು. ಭಾವನಿಂದ ಹಿಡಿದು. ದೀಪದ ಮೇಲೆ ಕಣ್ಣು ನೆಟ್ಟು, ಮೆಲ್ಲಗೆ, ಮಕ್ಕಳಿಗೆ ಗುಟುಕು ಕೊಡುವಾಗ ಎಣಿಸುವ ದನಿಯಲ್ಲಿ ತುಳುವಿನಲ್ಲೇ ಶುರುಮಾಡಿದಳು. "ಒಂಜಿ. ರಡ್ಡ್. ಮೂಜಿ. ನಾಲ್. ಐನ್. ಆಜಿ." ಅವಳ ಅಂಗೈ ನನ್ನ ಮೊಣಕಾಲ ಮೇಲಿತ್ತು. ಅಂಕೆ ಬಂದ ಕೂಡಲೇ ಒತ್ತುತ್ತಿದ್ದಳು, ನನ್ನ ಕಾಲು ಕೆಳಗೆ ಹೋಗುತ್ತಿತ್ತು. ನಡುವೆ ನನ್ನ ಗಣಿತಕ್ಕೆ ಕೆಲಸವೇ ಇರಲಿಲ್ಲ. ಐದನೆಯ ಅಂಕೆಯ ಬಳಿಕ ದೀಪ ನಾಲ್ಕು ಸೆಕೆಂಡು ಉರಿದು ಆರಿತು. ಕಾಲು ಬಿಟ್ಟೆ. ದೀಪ ಪಟಪಟನೆ ಮಿನುಗಿತು. ಕೀ ಮುಂದಕ್ಕೆ ತಿರುಗಿಸಿದೆ. ನೂರು ಕುದುರೆಗಳೂ ಒಟ್ಟಿಗೆ ಎದ್ದವು. ಜಗಲಿಯ ಮೇಲೆ ಕೈಚಪ್ಪಾಳೆ.

"ನಿಲ್ಲಿಸಬೇಡಿ ಮಾಷ್ಟ್ರೆ" ಎಂದು ಫೋನಿನೊಳಗಿಂದ ಶಿಷ್ಯ ಕೂಗುತ್ತಿದ್ದ. ಎಂಜಿನ್ ಬಂದ್ ಮಾಡಿದರೆ ಇಷ್ಟನ್ನೂ ಮತ್ತೆ ಮಾಡಬೇಕು. ಬೆಳ್ಮಣ್ಣು, ಶಿರ್ವ ದಾಟಿ ಕಾಪುವಿನವರೆಗೆ ಒಂದೇ ಉಸಿರಿಗೆ ಬಂದೆವು. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು: "ಮೂವತ್ತಮೂರು ವರ್ಷ ಮಕ್ಕಳಿಗೆ ಎಂತ ಕಲಿಸಿದ್ರಿ?"

ಮರುದಿನ ಬೆಳಗ್ಗೆ ಶಿಷ್ಯನೇ ಮನೆಗೆ ಬಂದ. ಮಳೆ ನಿಂತಿರಲಿಲ್ಲ. ಕಾರಿನ ಬಾಗಿಲು ತೆರೆದವನು ಒಳಗೆ ಕೂರದೆ ಸ್ವಲ್ಪ ಹೊತ್ತು ಹಾಗೇ ನಿಂತು ನೋಡಿದ. ಸ್ಟಿಯರಿಂಗಿನ ಮೇಲೆ, ಕೀ ಹಾಕುವ ಜಾಗದ ಮೇಲೆಯೇ, ನನ್ನ ಬೈರಾಸು ಹರಡಿಕೊಂಡಿತ್ತು. ನಿನ್ನೆ ರಾತ್ರಿಯ ಮಳೆಯದ್ದು. ಇನ್ನೂ ತೊಟ್ಟಿಕ್ಕುತ್ತಿತ್ತು.

"ಮಾಷ್ಟ್ರೆ, ಇದನ್ನು ಯಾವಾಗ್ಲೂ ಇಲ್ಲೇ ಒಣಗ್ಲಿಕ್ಕೆ ಹಾಕುದಾ?"

ಹಾಕುವುದು ಅಲ್ಲಿಯೇ. ಸೀಟು ಒದ್ದೆಯಾಗಬಾರದೆಂದು. ಹತ್ತು ಮಳೆಗಾಲದಿಂದ.

ಅವನು ಮತ್ತೆ ಮಾತಾಡಲಿಲ್ಲ. ಸ್ಕ್ರೂ ಬಿಚ್ಚಿ ಸ್ಟಿಯರಿಂಗಿನ ಕೆಳಗಿನ ಕವಚ ತೆಗೆದ. ಕೀಯ ತೂತಿನ ಸುತ್ತ ಉಂಗುರದಂತೆ ಕೂತ ಸುರುಳಿ, ಅದರಿಂದ ಹೊರಡುವ ವೈರು, ವೈರಿನ ತುದಿಯ ಪ್ಲಗ್. ಪ್ಲಗ್ ಎಳೆದು ನನ್ನ ಕಣ್ಣ ಮುಂದೆ ಹಿಡಿದ. ಸೂಜಿಯಷ್ಟು ತೆಳುವಾದ ಹಿತ್ತಾಳೆಯ ಪಿನ್ನುಗಳು ಹಸಿರು ಕಿಲುಬು ಹಿಡಿದು ಪಾಚಿಗಟ್ಟಿದ ಬಾವಿಯ ಕಲ್ಲಿನಂತಾಗಿದ್ದವು. ಕಡಲ ಗಾಳಿಯ ಉಪ್ಪು, ಬೈರಾಸಿನ ನೀರು. ಒಣಗಿದ್ದಾಗ ಹೇಗೋ ತಾಗುತ್ತಿದ್ದವು, ಹಸಿಯಾದರೆ ಕಾವಲುಗಾರನ ಪ್ರಶ್ನೆ ಕೀಗೆ ಮುಟ್ಟುತ್ತಿರಲಿಲ್ಲ. ಆಟಿಯ ಬಿಸಿಲಿನ ವಾರ ಎಲ್ಲವೂ ಸರಿಯಿದ್ದದ್ದು ಯಾಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು ಒಳಗೆ ಹೋದಳು. ದೇವರ ಗೂಡಿನ ಬಾಗಿಲು ಕಿರ್ರೆಂದಿತು.

ಪಿನ್ನುಗಳನ್ನು ಸಣ್ಣ ಬ್ರಷ್ಷಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಗ್ರೀಸಿನಂಥದ್ದೇನೋ ಸವರಿ ಕೂರಿಸಿದ. ಬಂದದ್ದೇ ಬಂದೆನೆಂದು ಬ್ಯಾಟರಿಯ ಅಡಿಯ ಅರ್ಥಿನ ಪಟ್ಟಿಯನ್ನೂ ಬದಲಿಸಿದ. ಅದೂ ಉಪ್ಪು ತಿಂದು ಅರ್ಧಕ್ಕರ್ಧ ಪುಡಿಯಾಗಿತ್ತು. ಒಟ್ಟು ಮುನ್ನೂರೈವತ್ತು ರೂಪಾಯಿ. ಕಳ್ಳತನ ತಡೆಯುವ ಉಪಕರಣ ಹಾಕಿಸಿಕೊಂಡ ಕಾರಿಗೆ ವಿಮೆಯವರು ಕೊಡುವ ರಿಯಾಯಿತಿ ಹೆಚ್ಚೆಂದರೆ 500 ರೂಪಾಯಿ ಎಂದು ಎಲ್ಲೋ ಓದಿದ್ದೆ. ನೂರೈವತ್ತು ಲಾಭ ಎಂದೆ. ಶಿಷ್ಯ, "ಅದು ನಿಮಗೆ ಸಿಕ್ಕಿದ್ರೆ ಅಲ್ವಾ ಮಾಷ್ಟ್ರೆ" ಎಂದು ಚಹಾ ಕುಡಿದು ಹೊರಟ. ಕಲಿಸಿದ್ದು ವ್ಯರ್ಥವಾಗಿಲ್ಲ.

ಕೃಷ್ಣ ಮತ್ತೆ ಕೀಗೊಂಚಲಿಗೆ ಬಂದಿದ್ದಾನೆ. ಬೈರಾಸಿಗೆ ಡಿಕ್ಕಿಯಲ್ಲಿ ಒಂದು ಮೊಳೆ. ಕಾರ್ಡನ್ನು ನನ್ನ ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದೆ, ಸಿಗಲಿಲ್ಲ. ಅದು ಎಲ್‌ಐಸಿ ಫೈಲಿಗೇ ಹಿಂತಿರುಗಿತು. ಆ ಐದು ಅಂಕೆಗಳನ್ನು ಇಲ್ಲಿ ಬರೆಯಲು ನನಗೆ ಅಪ್ಪಣೆ ಇಲ್ಲ. ನಿಜ ಹೇಳಬೇಕೆಂದರೆ ನೆನಪೂ ಇಲ್ಲ, ಮೂರನೆಯದು ಎಂಟು ಎಂಬುದೊಂದನ್ನು ಬಿಟ್ಟು.

ಸಂಜೆ ಕೆಲವೊಮ್ಮೆ ಇಬ್ಬರೂ ಕಡಲ ಬದಿಗೆ ಹೋಗಿ ಕೂರುತ್ತೇವೆ. ಕತ್ತಲಾಗಿ ದೀಪಸ್ತಂಭದ ಬೆಳಕು ಶುರುವಾದರೆ ನನ್ನ ಬಲಗಾಲು ಮರಳಿನಲ್ಲಿ ತಾನಾಗಿಯೇ ಒತ್ತಿಕೊಳ್ಳುತ್ತದೆ. ಅವಳು ಅದನ್ನು ನೋಡಿಯೂ ನೋಡದವಳಂತೆ, "ಈಗಲ್ಲ" ಎನ್ನುತ್ತಾಳೆ. "ಇನ್ನೂ ಆಜಿ ಆದದ್ದಷ್ಟೆ."